ಡಿಸ್ಚಾರ್ಜ್ ಪುಸ್ತಕಕ್ಕೆ ಇಟ್ಟ ಕುಂಕುಮ

ಜವರಯ್ಯ ಬರ್ಮಾದಲ್ಲಿ ಮಿಲಿಟರಿ ಲಾರಿ ಓಡಿಸಿದವನು ಎಂಬುದು ಮಂಡಿ ಮೊಹಲ್ಲಾದ ಆ ವಠಾರದ ಎಂಟು ಮನೆಗಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇರಲು ಅವನು ಬಿಡಬೇಕಲ್ಲ! ನಲ್ಲಿಯ ಹತ್ತಿರ ನಿಂತವರಿಗೆ, ಕ್ಷೌರಕ್ಕೆ ಕುಳಿತವರಿಗೆ, ಹಾಲಿನವಳಿಗೆ, ಅವರು ಕೇಳಲಿ ಬಿಡಲಿ, ಸೇತುವೆ ಮುರಿದ ಹೊಳೆಯಲ್ಲಿ ಲಾರಿ ಇಳಿಸಿ ದಾಟಿಸಿದ ಕಥೆ ಆಗಲೇಬೇಕು. ಕಥೆ ಸುಳ್ಳಲ್ಲ. ಆದರೆ ಹೊಳೆ ದಾಟಿ ಬಂದವನು ಐದು ವರ್ಷದಿಂದ ಮೈಸೂರಿನಲ್ಲಿ ಒಂದು ಕೆಲಸದಲ್ಲೂ ಗಟ್ಟಿಯಾಗಿ ನಿಂತಿರಲಿಲ್ಲ.

ಒಮ್ಮೆ ಮಂಡಿಯ ಸಾಹುಕಾರರೊಬ್ಬರ ಲಾರಿಗೆ ಸೇರಿದ್ದ. ಮೂರನೆಯ ತಿಂಗಳು ಅವರು, "ಏನೋ ಜವರ, ಸುಮ್ನೆ ನಿಂತಿದ್ದೀಯಲ್ಲ, ಮೂಟೆಗೊಂದು ಕೈ ಹಾಕೋ" ಎಂದರು. ಇವನು ಲಾರಿಯ ಬೀಗದಕೈಯನ್ನು ಅವರ ಗಲ್ಲಾಪೆಟ್ಟಿಗೆಯ ಮೇಲೆ ಎಸೆದು ಬಂದುಬಿಟ್ಟ. ಮಾನ ಉಳಿಯಿತು. ಆ ವಾರವೆಲ್ಲ ಮನೆಯಲ್ಲಿ ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡರು.

ಮನೆ ನಡೆಯುತ್ತಿದ್ದದ್ದು ಅವನ ಹೆಂಡತಿ ದೇವಿರಮ್ಮನ ಕೈಯಿಂದ. ಬೆಳಗಾದರೆ ಮಣೆ ಮುಂದಿಟ್ಟುಕೊಂಡು, ಇದ್ದಿಲ ಪುಡಿ ಕಲಸಿದ ಹಿಟ್ಟನ್ನು ಬಿದಿರುಕಡ್ಡಿಗೆ ಹೊಸೆದು ಹೊಸೆದು ಊದುಬತ್ತಿ ಮಾಡುವಳು. ಸಂಜೆ ಕಟ್ಟು ಕಟ್ಟಿ ಅಂಗಡಿಗೆ ಕೊಟ್ಟು ಬರುವಳು. ಆ ಕಪ್ಪು ಬೆರಳಿನ ಗೆರೆಗೆರೆಗೂ ಇಳಿದುಬಿಟ್ಟಿತ್ತು; ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಗಂಡ, ಅವಳು, ಅತ್ತೆ ಬೆಟ್ಟಮ್ಮ, ಮೂರೇ ಬಾಯಿ. ಮೂರು ಬಾಯಿಗೂ ಅವಳ ಎರಡು ಕೈ.

ಅಂಥ ಮನೆಗೆ ಸಾವಿರದ ಒಂಬೈನೂರ ಐವತ್ತೊಂದನೇ ಇಸವಿಯ ದಸರೆಗೆ ಮುಂಚೆ ಒಂದು ಕಾಗದ ಬಂತು. ಸರ್ಕಾರಿ ಬಸ್ಸಿಗೆ ಡ್ರೈವರ್ ಕೆಲಸ, ಇಂಟರ್ವ್ಯೂಗೆ ಬಾ ಎಂದು. ಕೊಡಿಸಿದವರು ದೊರೆಸ್ವಾಮಿಗಳು. ಮಿಲಿಟರಿಯಿಂದ ಬಂದವರಿಗೂ ಅವರ ಹೆಂಡಿರಿಗೂ ಊರಿನಲ್ಲಿ ಕೆಲಸ ಹುಡುಕಿಕೊಡಲೆಂದೇ ಇದ್ದ ಕಚೇರಿಯ ಗುಮಾಸ್ತರು ಅವರು, ಬಡಕಲು ಮೈ, ಒಳ್ಳೆಯ ಮನಸ್ಸು. ಜವರಯ್ಯನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದರು.

"ನೋಡಿ ಜವರಯ್ಯ, ಕೆಲಸಕ್ಕೆ ಮೂವತ್ತು ವರ್ಷ ದಾಟಿರಬಾರದು. ನಿಮಗೆ ಮೂವತ್ತಾರು. ಆದರೆ ಮಿಲಿಟರಿಯಲ್ಲಿದ್ದ ಆರು ವರ್ಷ ಲೆಕ್ಕದಿಂದ ಬಿಟ್ಟುಬಿಡ್ತಾರೆ. ಅದಕ್ಕೆ ಸಾಕ್ಷಿ ಮಿಲಿಟರಿ ಬಿಡುವಾಗ ಕೊಟ್ಟ ನಿಮ್ಮ ಡಿಸ್ಚಾರ್ಜ್ ಪುಸ್ತಕ ಒಂದೇ. ಅದನ್ನ ಜೋಪಾನವಾಗಿ ತಗೊಂಡು ಹೋಗಿ. ಸೆಲ್ಯೂಟ್ ಹೊಡೀಬೇಡಿ, ಕೈ ಮುಗೀರಿ. ಬರ್ಮಾ ಕಥೆ ಅವರಾಗಿ ಕೇಳಿದ್ರೆ ಮಾತ್ರ ಹೇಳಿ."

ಮನೆಗೆ ಬಂದು ಜವರಯ್ಯ ತಾಲೀಮು ಶುರು ಮಾಡಿದ. ಬೆಟ್ಟಮ್ಮ ಸಾಹೇಬರಾದಳು. ಕಾಲು ಚಾಚಿ ಗೋಡೆಗೊರಗಿ ಕೂತು, ಎಲೆಅಡಿಕೆ ಒಂದು ಕೆನ್ನೆಗೆ ತಳ್ಳಿ, "ಏನಪ್ಪಾ, ಏನ್ ನಿನ್ನೆಸ್ರು?" ಎಂದಳು.

"ಅವ್ವಾ, ಸಾಹೇಬ್ರು ಅಂಗೆ ಎಲೆಅಡಿಕೆ ಹಾಕ್ಕಂಡು ಕೇಳ್ತಾರಾ?"

"ಹಾಕ್ಕಂಡ್ರೆ ನೀನೇನ್ ಮಾಡೀಯೆ? ಬೀಗದಕೈ ಬಿಸಾಕಿ ಬತ್ತೀಯಾ?"

ಜವರಯ್ಯನ ಕೈ ಹಣೆಗೆ ಹೋಗಿಯೇಬಿಟ್ಟಿತು. ಬೆಟ್ಟಮ್ಮ, "ಅಕೋ, ಹೊಡ್ದೇಬುಟ್ಟ ಸಲಾಮು! ಹೋಗಪ್ಪ ಹೋಗು, ನಿನಗಿಲ್ಲ ಕೆಲಸ" ಎಂದಳು. ದೇವಿರಮ್ಮ ಮಣೆಯ ಮೇಲೆ ತಲೆಯಿಟ್ಟು ನಕ್ಕಳು, ಹಣೆಯೆಲ್ಲ ಇದ್ದಿಲಾಯಿತು. ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಆಯುಧಪೂಜೆಯ ದಿನ ಬೆಳಿಗ್ಗೆ ಜವರಯ್ಯ ಬೂದುಗುಂಬಳ, ಕಡಲೆಪುರಿ ತರಲು ಪೇಟೆಗೆ ಹೋದ. ಹಬ್ಬದ ಊದುಬತ್ತಿಗೆ ಅಂಗಡಿಯವರು ಅವಸರ ಮಾಡಿದ್ದರಿಂದ ದೇವಿರಮ್ಮ ಕೋಳಿ ಕೂಗುವಾಗಲೇ ಕೂತು, ಹೊಸೆದು ಮುಗಿಸಿ, ಕೈ ತೊಳೆದು ಎದ್ದಳು. ದೇವರ ಮುಂದೆ ಮನೆಯ ಆಯುಧಗಳನ್ನೆಲ್ಲ ಜೋಡಿಸಿದಳು. ಈಳಿಗೆಮಣೆ, ಕುಡುಗೋಲು, ಬತ್ತಿ ಹೊಸೆಯುವ ಮಣೆ, ಗಂಡ ಮಿಲಿಟರಿಯಿಂದ ತಂದ ಸ್ಪ್ಯಾನರು. ಆಮೇಲೆ ಏನೋ ನೆನಪಾದವಳಂತೆ ಟ್ರಂಕು ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಡಿಸ್ಚಾರ್ಜ್ ಪುಸ್ತಕ ತಂದಿಟ್ಟಳು.

ಬೆಟ್ಟಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಅದ್ಯಾಕವ್ವ ಈಗ?"

"ಇನ್ನು ನಾಕು ದಿನಕ್ಕೆ ಇಂಟ್ರೂ ಅಲ್ವಾ ಅತ್ತೆ. ಅವರಿಗೆ ಇದೇ ಆಯುಧ ಈಗ."

ಮೇಲಿನ ರಟ್ಟಿಗೆ ಕುಂಕುಮ ಇಟ್ಟಳು. ಕಂದು ಬಣ್ಣದ ರಟ್ಟು, ಕಾಣಲೇ ಇಲ್ಲ. ಮಂಡಿಯ ಅಂಗಡಿಗಳಲ್ಲಿ ಲೆಕ್ಕದ ಪುಸ್ತಕ ಬಿಡಿಸಿ ಒಳಹಾಳೆಗೆ ಕುಂಕುಮ ಇಡುವುದನ್ನು ಅವಳು ಪ್ರತಿವರ್ಷ ನೋಡಿದ್ದಳು. ಪುಸ್ತಕ ಬಿಡಿಸಿದಳು. ಇಂಗ್ಲಿಷು ಅವಳಿಗೆ ಎಲ್ಲಿಂದ ಬರಬೇಕು? ದೊಡ್ಡ ಮೊಹರು ಇದ್ದ ಹಾಳೆ ಹುಡುಕಿದಳು.

"ಬ್ಯಾಡ ಕಣವ್ವ, ಒಳಕ್ಕೆ ಇಡಬ್ಯಾಡ. ಸರ್ಕಾರದ ಕಾಗದ ಅದು."

"ಒಂಚೂರು ಅತ್ತೆ. ದೇವರ ಕುಂಕುಮ, ಏನಾಯ್ತದೆ?"

ಹಸಿಬೆರಳನ್ನು ಕುಂಕುಮದಲ್ಲಿ ಅದ್ದಿ ಮೊಹರಿನ ಪಕ್ಕ ಒತ್ತಿದಳು. ಒತ್ತುವಾಗ, ತಾಯೀ ಚಾಮುಂಡಿ, ಈ ಸಲ ಅವರ ಕೈ ಹಿಡಿ, ನನಗೆ ಈ ಮಣೆ ಸಾಕಾಯಿತು ಎಂದು ಬೇಡಿಕೊಂಡಳು. ಪುಸ್ತಕ ಮುಚ್ಚಿ, ಬಟ್ಟೆ ಸುತ್ತಿ, ಟ್ರಂಕಿಗೆ ಹಾಕಿದಳು. ಜವರಯ್ಯ ಬರುವ ಹೊತ್ತಿಗೆ ಪಾಯಸ ಕುದಿಯುತ್ತಿತ್ತು.

ಇಂಟರ್ವ್ಯೂ ದಿನ ಅವನು ಮಧ್ಯಾಹ್ನಕ್ಕೆ ವಾಪಸು ಬಂದ. ಅತ್ತೆ ಸೊಸೆ ಇಬ್ಬರೂ ಬಾಗಿಲಿಗೆ ಎದ್ದು ಬಂದರು. ಅವನು ಚಪ್ಪಲಿ ಬಿಡದೆ ಒಳಗೆ ಬಂದು ನಡುಮನೆಯಲ್ಲಿ ನಿಂತ.

"ಸಲಾಮು ಹೊಡೀಲಿಲ್ಲ" ಎಂದ. "ಕೈ ಮುಗ್ದೆ. ಬಸ್ಸು ಹತ್ಸುದ್ರು. ಇಷ್ಟಗಲದ ಗೇಟ್‌ನಾಗೆ ಹಿಂದ್ಕೆ ತಗಂಡು ನಿಲ್ಸ್‌ದೆ. ಸಾಹೇಬ್ರು ಭೇಷ್ ಅಂದ್ರು. ನಾಳೆಯಿಂದ್ಲೇ ಬಾ ಅಂತ ಬಾಯಿಗೆ ಬಂದಿತ್ತು ಅವರಿಗೆ. ಪುಸ್ತಕ ಕೊಡಪ್ಪ, ವರ್ಷ ಬರ್ಕೊಳ್ಳಲಿ ಅಂದ್ರು."

ಪುಸ್ತಕವನ್ನು ಬಿಡಿಸಿ ನೆಲಕ್ಕೆ ಹಾಕಿದ. ಮೊಹರಿನ ಪಕ್ಕದಲ್ಲಿ ಕುಂಕುಮ ಹರಡಿಕೊಂಡು ಒಣಗಿತ್ತು. ಅದರ ಸುತ್ತ ಒಂದು ಕರಿಯ ಅಂಚು. ಮಿಲಿಟರಿಗೆ ಸೇರಿದ ಇಸವಿಯ ಕೊನೆಯ ಅಂಕಿ ಅದರಡಿ ಸಿಕ್ಕಿ ಕಾಣುತ್ತಲೇ ಇರಲಿಲ್ಲ.

"ನಲವತ್ತೋ ನಲವತ್ತೈದೋ ಯಾರಿಗೆ ಗೊತ್ತು, ತಿದ್ದಿದ್ದೀಯ ಅಂದ ಅಲ್ಲಿಯ ಗುಮಾಸ್ತ. ನನ್ನ! ಹತ್ತು ಜನದ ಮುಂದೆ! ಪೊಲೀಸ್ರಿಗೆ ಕೊಡ್ಲಾ ಅಂದ." "ಯಾರು? ಯಾರು ಇಟ್ಟೋರು ಇದನ್ನ?"

ದೇವಿರಮ್ಮ ಬಗ್ಗಿ ಆ ಹಾಳೆ ನೋಡಿದಳು. ಮಕ್ಕಳಿಲ್ಲದವಳು ಎಂಬ ಮಾತು ಈಗಾಗಲೇ ಸಂಬಂಧಿಕರ ಬಾಯಲ್ಲಿತ್ತು. ಕೆಲಸ ಕೆಡಿಸಿದವಳು ಎಂಬುದೂ ಸೇರಿದರೆ ತವರಿನ ದಾರಿಯೇ ಗತಿ. ನಾನು ಎನ್ನಲು ಬಾಯಿ ತೆರೆದಳು. ಕೈ ತಾನಾಗಿ ಸೆರಗಿನೊಳಗೆ ಸೇರಿಕೊಂಡಿತು.

"ನಾನೇ ಕಣಪ್ಪ" ಎಂದಳು ಬೆಟ್ಟಮ್ಮ. "ಹಬ್ಬದ ದಿನ ಪೂಜೆಗೆ ಮಡಗಿದ್ದೆ. ಒಳ್ಳೇದಾಗ್ಲಿ ಅಂತ ಇಟ್ಟೆ. ನನಗೇನ್ ಗೊತ್ತು, ಓದಿದ್ನಾ, ಬರ್ದಿದ್ನಾ."

ಜವರಯ್ಯ ಒಮ್ಮೆ ಹೆಂಡತಿಯ ಮುಖ ನೋಡಿದ. ಅವಳ ಸೆರಗು ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿದ.

ಆ ಮಧ್ಯಾಹ್ನ ಅವನು ಆಡಿದ ಮಾತು ವಠಾರವೆಲ್ಲ ಕೇಳಿತು. "ನಾನು ಬರ್ಮಾದಲ್ಲೇ ಸತ್ತಿದ್ರೆ ಚೆನ್ನಾಗಿತ್ತು ಕಣವ್ವ, ನಿನಗೆ ತಿಂಗಳಾ ತಿಂಗಳಾ ಪಿಂಚಣಿ ಬರೋದು. ಜಪಾನಿನೋರ್ ಕೈಲಿ ಆಗದೇ ಇದ್ದಿದ್ದನ್ನ ನೀನು ಮಾಡ್ಬುಟ್ಟೆ. ಹೆತ್ತ ಹೊಟ್ಟೆ ಅಂತೆ! ಇನ್ನು ನಿನ್ನ ಕೈಲಿ ಒಂದು ಲೋಟ ನೀರು ಕುಡುದ್ರೆ ಕೇಳು." ಬೆಟ್ಟಮ್ಮ ನಿಂತೇ ಕೇಳಿಸಿಕೊಂಡಳು. ಅವನು ಹೊರಗೆ ಹೋದಮೇಲೆ ಪುಸ್ತಕ ಎತ್ತಿ, ಧೂಳು ಒರೆಸಿ, ಟ್ರಂಕಿನಲ್ಲಿಟ್ಟಳು.

ಸಂಜೆ ನಲ್ಲಿಯ ಹತ್ತಿರ ದೇವಿರಮ್ಮ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೆ, ನಾನು ಹೇಳ್ಬುಡ್ತೀನಿ. ನನ್ನ ಕೈಲಾಗಲ್ಲ."

"ಸುಮ್ಕಿರು ಅಂದೆ."

"ನೀವು ಬ್ಯಾಡ ಅಂದ್ರಿ, ನಾನೇ ಅಲ್ವಾ..."

"ದೇವೀರಿ, ಕೇಳಿಲ್ಲಿ." ಮುದುಕಿ ಬಿಂದಿಗೆ ಕೆಳಗಿಟ್ಟಳು. "ನಿನ್ನ ಮೇಲೆ ಅವನು ಕೈ ಮಾಡ್ತಾನೆ. ನೀನು ಗಂಟು ಕಟ್ಟಿ ಅಪ್ಪನ ಮನೆಗೆ ಹೋಯ್ತೀಯೆ. ಆಮೇಲೆ ಒಲೆ ಹಚ್ಚೋರ್ ಯಾರು? ನಾನಾ? ನನ್ನ ಮೇಲೆ ಎಷ್ಟ್ ದಿನ ಸಿಟ್ಟು ಮಡೀಕಂಡಾನು? ಹೆತ್ತ ಮಗ. ದೀಪಾವಳಿ ಹೊತ್ಗೆ ಅವ್ವಾ ಅಂತ ಬತ್ತಾನೆ ನೋಡ್ತಿರು."

ದೇವಿರಮ್ಮ ಒಪ್ಪಿಕೊಂಡಳು. ಒಪ್ಪಿಕೊಳ್ಳುವುದು ಸುಲಭವಾಗಿತ್ತು, ಅದೇ ಅವಳಿಗೆ ನಾಚಿಕೆ.

ಪುಸ್ತಕದ ಹೊಸ ನಕಲಿಗೆ ದೊರೆಸ್ವಾಮಿಗಳು ಅರ್ಜಿ ಬರೆದರು. ದಾಖಲೆಗಳೆಲ್ಲ ಉತ್ತರದ ಕಡೆ ಎಲ್ಲೋ ಇವೆಯಂತೆ, ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತದಂತೆ, ಅಷ್ಟು ದಿನ ಡ್ರೈವರ್ ಕೆಲಸ ಕಾಯುವುದಿಲ್ಲವಂತೆ. ಹೇಳಿ ಮುಗಿಸಿ, ಅವರು ಇನ್ನೊಂದು ಮಾತು ಎತ್ತಿದರು. ದೊಡ್ಡಾಸ್ಪತ್ರೆಯಲ್ಲಿ ಆಯಾ ಕೆಲಸವಿದೆ, ಸಿಪಾಯಿಗಳ ಹೆಂಡಿರಿಗೆ ಮೊದಲು ಕೊಡುತ್ತಾರೆ, ನಿಮ್ಮ ಮನೆಯವರನ್ನು ಕಳಿಸುತ್ತೀರಾ ಎಂದು.

ಜವರಯ್ಯ ಮನೆಗೆ ಬಂದು ಅದನ್ನೂ ಹೇಳಿ ಉಗಿದ. "ನನ್ನ ಹೆಂಡ್ತಿ ಹೋಗಿ ಕಂಡೋರ ಹೇಲು ಉಚ್ಚೆ ಬಾಚ್ಬೇಕಾ? ಥೂ!"

"ಸಂಬಳ ಬತ್ತದಲ್ಲ" ಎಂದು ಮೂಲೆಯಿಂದ ಬೆಟ್ಟಮ್ಮ ಅಂದಳು.

"ದೇವೀರಿ, ಈ ಮನೇಲಿ ಬುದ್ಧಿ ಹೇಳೋರು ಯಾರ್ಯಾರು ಅಂತ ಕೇಳು. ಬುದ್ಧಿ ಇದ್ದೋರು ಹೇಳ್ಲಿ."

ಹೀಗೇ ಆಯಿತು. ತಾಯಿಗೆ ಹೇಳಬೇಕಾದದ್ದನ್ನೆಲ್ಲ ಅವನು ಹೆಂಡತಿಗೆ ಹೇಳುವನು, ತಾಯಿ ಎರಡು ಮಾರು ದೂರದಲ್ಲಿ ಕೂತಿರುವಳು. "ಹೇಳು ಅವಳಿಗೆ, ಕೆಮ್ಮೋದಾದ್ರೆ ಹಿತ್ಲಿಗೋಗಿ ಕೆಮ್ಲಿ." ಮುದ್ದೆ ತಿರುವುವುದು ಮೊದಲಿಂದ ಬೆಟ್ಟಮ್ಮನ ಕೆಲಸ, ಗಂಟಿಲ್ಲದ ಮುದ್ದೆ ಅವಳ ಕೈಯದು. ಅವನು ತಟ್ಟೆ ತಳ್ಳಿ, "ಇದು ಯಾರ್ ಮಾಡಿದ್ದು?" ಎಂದು ಕೇಳಿ ಎದ್ದುಹೋಗಲು ಶುರು ಮಾಡಿದ ಮೇಲೆ ದೇವಿರಮ್ಮನೇ ತಿರುವಿದಳು. ಇದ್ದಿಲ ಕೈ ತೊಳೆದು, ಮುದ್ದೆ ತಿರುವಿ, ಮತ್ತೆ ಇದ್ದಿಲಿಗೆ ಕೈ ಹಾಕಬೇಕು. ಕಡ್ಡಿಯ ಲೆಕ್ಕ ಕಮ್ಮಿಯಾಯಿತು, ಅಂಗಡಿಯವರು ಮುಖ ಗಂಟಿಕ್ಕಿದರು. ಬೆಟ್ಟಮ್ಮ ಇಬ್ಬರೂ ಉಂಡಮೇಲೆ ಪಾತ್ರೆಯ ತಳದಲ್ಲಿದ್ದದ್ದನ್ನು ಉಂಡಳು.

ದೀಪಾವಳಿ ಬಂತು. ಎಣ್ಣೆ ಕಾಯಿಸಿ, ಬಟ್ಟಲಲ್ಲಿ ಹಾಕಿಕೊಂಡು, ಬೆಟ್ಟಮ್ಮ ಮಗನ ತಲೆಗೆ ಒತ್ತಲು ಕಾದು ಕೂತಳು. ಮಿಲಿಟರಿಯಲ್ಲಿದ್ದ ಆರು ದೀಪಾವಳಿಯೂ ಅವನ ಹೆಸರು ಹೇಳಿ ಹೊಸಿಲಿಗೆ ಎಣ್ಣೆ ಒತ್ತಿದವಳು ಅವಳು. ಜವರಯ್ಯ ಎದ್ದ. ಬಟ್ಟಲು ನೋಡಿದ. "ನೀರು ಕಾದದೆಯಾ ದೇವೀರಿ?" ಎಂದು ಕೇಳಿ, ಒಣತಲೆಯಲ್ಲೇ ಬಚ್ಚಲಿಗೆ ಹೋಗಿ ನೀರು ಸುರಿದುಕೊಂಡ.

ಬೆಟ್ಟಮ್ಮ ಅಳಲಿಲ್ಲ. ಬಟ್ಟಲಿನ ಎಣ್ಣೆಯನ್ನು ಸೀಸೆಗೆ ತಿರುಗಿ ಹುಯ್ದಳು, ಒಂದು ತೊಟ್ಟೂ ಚೆಲ್ಲದೆ. ಎರಡು ಸೀರೆ ಗಂಟು ಕಟ್ಟಿದಳು. "ಮಾದೇವಮ್ಮನ ಮನೇಲಿ ನಾಕ್ ದಿನ ಇದ್ದು ಬತ್ತೀನಿ ಕಣವ್ವ" ಎಂದಳು. ಮಗಳು ಮಹದೇವಮ್ಮನ ಮನೆ ಕೆಸರೆಯಲ್ಲಿ. ನಡೆದರೆ ಅರ್ಧ ಹೊತ್ತಿನ ದಾರಿಯೂ ಅಲ್ಲ.

ದೇವಿರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹೋಗ್ಬ್ಯಾಡಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ." ತಿರುಗಿ ಗಂಡನಿಗೆ, "ಒಂದು ಮಾತು ಹೇಳಿ! ಹಬ್ಬದ ದಿನ ಹೆತ್ತ ತಾಯಿ ಹೊಸ್ಲು ದಾಟ್ತಾವ್ರೆ!" ಎಂದು ಕೂಗಿದಳು. ಅವನು ತಲೆ ಒರೆಸಿಕೊಳ್ಳುತ್ತಾ, "ನಾನ್ ಯಾರ್ನೂ ಹೋಗು ಅಂದಿಲ್ಲ" ಎಂದ. ನಾಲ್ಕು ದಿನ ಎಂದು ಹೋದವಳು ಕಾರ್ತೀಕ ಕಳೆದರೂ ಬರಲಿಲ್ಲ. ಕರೆಯಲು ಅವನೂ ಹೋಗಲಿಲ್ಲ. ದೇವಿರಮ್ಮನಿಗೆ ಹೋಗುವ ಮುಖವಿರಲಿಲ್ಲ.

ಸಂಕ್ರಾಂತಿ ಆದ ವಾರಕ್ಕೆ ನಕಲು ಬಂತು. ಹೊಸ ಕಾಗದ, ಹೊಸ ಮೊಹರು, ಸೇರಿದ ಇಸವಿ ನಲವತ್ತು ಎಂದು ಅಚ್ಚುಕಟ್ಟಾಗಿ ಹೊಡೆದಿತ್ತು. ಡ್ರೈವರ್ ಕೆಲಸಗಳು ಭರ್ತಿಯಾಗಿದ್ದವು. ಇನ್ನು ಕರೆಯುವುದು ಯಾವಾಗಲೋ; ಕರೆದರೂ ಆರು ವರ್ಷ ಬಿಟ್ಟ ಮೇಲೂ ಅವನ ವಯಸ್ಸು ಮೂವತ್ತು ದಾಟಿರುತ್ತದೆ. ಆಯಾ ಕೆಲಸ ಮಾತ್ರ ಇನ್ನೂ ಇತ್ತು.

ಆ ದಿನ ಊಟಕ್ಕೆ ಹುರುಳಿ ಸಾರು. ಜವರಯ್ಯ ಅರ್ಧ ಮುದ್ದೆ ಮುಗಿಸಿ, ತಟ್ಟೆ ನೋಡುತ್ತಲೇ, "ನಾಳೆ ಹೋಗು ನೀನು" ಎಂದ.

"ಎಲ್ಲಿಗೆ?"

"ಆಸ್ಪತ್ರೆಗೆ. ದೊರೆಸ್ವಾಮಿ ಚೀಟಿ ಕೊಟ್ಟವ್ರೆ. ಈ ನಕಲು ತಗಂಡೋಗು. ಸಿಪಾಯಿ ಹೆಂಡ್ತಿ ಅನ್ನೋಕೆ ಇದೇ ಸಾಕ್ಷಿ."

ಅವನು ಕಾಗದವನ್ನು ಅವಳ ಮುಂದೆ ಸರಿಸಿದ. ದೇವಿರಮ್ಮ ಅದನ್ನು ಮುಟ್ಟಲಿಲ್ಲ. ಮೂರು ತಿಂಗಳಿಂದ ಗಂಟಲಲ್ಲಿದ್ದದ್ದು ಆ ಕಾಗದ ಕಂಡು ಹೊರಗೆ ಬಂತು.

"ಕುಂಕುಮ ಇಟ್ಟಿದ್ದು ಅತ್ತೆ ಅಲ್ಲ. ನಾನು. ಅವರು ಬ್ಯಾಡ ಅಂದ್ರು. ನಾನೇ ಇಟ್ಟೆ." ಹೇಳಿ, ಹೊಡೆತಕ್ಕೆ ಕಾದು, ತಲೆ ತಗ್ಗಿಸಿದಳು.

ಜವರಯ್ಯ ತುತ್ತು ಮುರಿದು ಸಾರಿಗದ್ದಿದ. "ಗೊತ್ತು" ಎಂದ.

"ಏನು ಗೊತ್ತು?"

"ನೀನೇ ಅಂತ. ಬಸ್ ಡಿಪೋದಾಗೇ ಗೊತ್ತಾಯ್ತು. ಕುಂಕುಮದ ಸುತ್ತ ಇದ್ದಿಲು ಮೆತ್ತಿತ್ತು. ಅವ್ವನ ಬೆರಳ್ನಾಗೆ ಇದ್ದಿಲು ಎಲ್ಲಿಂದ ಬತ್ತದೆ? ಬರೀ ಕುಂಕುಮ ಆಗಿದ್ರೆ ಪೂಜೆದು ಅಂತ ಬುಡೋರು. ಆ ಕಪ್ಪು ಕಂಡೇ ಮಸಿ ಹಾಕಿ ತಿದ್ದವ್ನೆ ಅಂದದ್ದು ಗುಮಾಸ್ತ."

ದೇವಿರಮ್ಮನ ಕೈಲಿದ್ದ ಸೌಟು ಸಾರಿನೊಳಗೆ ಜಾರಿತು. "ಗೊತ್ತಿದ್ದೂ? ಗೊತ್ತಿದ್ದೂ ಅತ್ತೇನ ಅಂಗೆಲ್ಲ ಅಂದ್ರಾ? ಆ ಎಣ್ಣೆ ಬಟ್ಲು..."

"ಮತ್ತೇನ್ ಮಾಡ್ಬೇಕಿತ್ತು?" ಅವನು ಈಗ ತಲೆ ಎತ್ತಿದ. "ಸಿಟ್ಟು ಯಾರ್ ಮೇಲಾದ್ರೂ ತೀರ್ಬೇಕಲ್ಲ. ನಿನ್ನ ಅಂದಿದ್ರೆ ನೀನು ತವರಿಗೆ ಹೋಗಿರೋಳು. ಕಡ್ಡಿ ಹೊಸ್ಯೋರ್ ಯಾರು? ಅವ್ವ ತಾನಾಗೇ ನಾನು ಅಂದ್ಲು. ಅವ್ವ ಎಲ್ ಹೋದಾಳು ಅಂದ್ಕಂಡಿದ್ದೆ." ತಟ್ಟೆ ಮುಂದಕ್ಕೆ ಸರಿಸಿ, "ಸಾರು ಇಕ್ಕು" ಎಂದ.

ಅವಳು ಇಕ್ಕಿದಳು. ಇಕ್ಕಿದ ಕೈಯನ್ನೇ ಕಡಿದುಹಾಕಬೇಕೆನಿಸಿತು. ಅವನ ಮೇಲೆ ಹೇಸಿಗೆ ಬಂತು. ಅವನು ಹಾಕಿದ ಲೆಕ್ಕವನ್ನೇ ನಲ್ಲಿಯ ಹತ್ತಿರ ತಾನೂ ಒಪ್ಪಿಕೊಂಡಿದ್ದೆನಲ್ಲ ಎಂದು ನೆನಪಾಗಿ, ಆ ಹೇಸಿಗೆ ತನ್ನ ಮೇಲೂ ಬಂತು.

ಮಾರನೆಯ ದಿನ ಆಸ್ಪತ್ರೆಯಲ್ಲಿ ನಕಲು ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಸೋಮವಾರದಿಂದ ಬಾ ಎಂದರು. ದೇವಿರಮ್ಮ ಮನೆಯ ಕಡೆ ತಿರುಗಲಿಲ್ಲ. ಕೆಸರೆಯ ದಾರಿ ಹಿಡಿದಳು. ಎಲ್ಲವನ್ನೂ ಹೇಳಿಬಿಡಬೇಕು, ಕಾಲು ಹಿಡಿದು ಕರೆತರಬೇಕು, ಬಾರದಿದ್ದರೆ ತಾನೂ ಅಲ್ಲೇ ಉಳಿಯಬೇಕು ಎಂದುಕೊಂಡು ಬಿರಬಿರನೆ ನಡೆದಳು.

ಬೆಟ್ಟಮ್ಮ ಮಗಳ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಇಳಿದುಹೋಗಿದ್ದಳು. ಸೊಸೆಯನ್ನು ಕಂಡು, ಅವಳ ಹಿಂದೆ ಬೀದಿಯ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಒಬ್ಳೇ ಬಂದ್ಯಾ?"

"ಹ್ಞೂ ಅತ್ತೆ. ಆಸ್ಪತ್ರೆ ಕೆಲಸ ಆಯ್ತು ನನಗೆ."

"ಒಳ್ಳೇದಾಯ್ತು ಬುಡು. ಇನ್ನು ಸೋಪು ಹಾಕಿ ಹಾಕಿ ಕೈ ಬೆಳ್ಳಗಾಯ್ತದೆ." ಮುದುಕಿ ಅವರೆಕಾಯಿ ಪಕ್ಕಕ್ಕಿಟ್ಟು, ಒಳಗೆ ಮಗಳಿಗೆ ಕೇಳಿಸದಂತೆ ಬಗ್ಗಿ, ದನಿ ತಗ್ಗಿಸಿದಳು. "ದೇವೀರಿ, ಅವನಿಗೇನಾರ ಗೊತ್ತಾಯ್ತಾ? ನೀನು ಅಂತ?"

ದೇವಿರಮ್ಮ ಆ ಮುಖ ನೋಡಿದಳು. ಗೊತ್ತಿಲ್ಲದೆ ಸಿಟ್ಟಾಗಿದ್ದಾನೆ ಎಂಬ ಒಂದೇ ನಂಬಿಕೆಯ ಮೇಲೆ ಈ ಜೀವ ದೀಪಾವಳಿಯಿಂದ ಮಗಳ ಮನೆಯ ಜಗಲಿಯಲ್ಲಿ ಕಾದಿತ್ತು.

"ಇಲ್ಲ ಅತ್ತೆ" ಎಂದಳು. "ಏನೂ ಗೊತ್ತಿಲ್ಲ ಅವರಿಗೆ."

"ಅದೇ ಮತ್ತೆ! ಹೇಳಬ್ಯಾಡ ಕಣವ್ವ, ಯಾವತ್ತೂ ಹೇಳಬ್ಯಾಡ." ಬೆಟ್ಟಮ್ಮನ ಮುಖ ಅರಳಿತು. ಮತ್ತೆ ಅವರೆಕಾಯಿ ಎತ್ತಿಕೊಂಡಳು. "ಪಾಪ, ಗೊತ್ತಿಲ್ಲದೆ ಮಾಡ್ಕಂಡವ್ನೆ ಸಿಟ್ಟ. ಇಳಿಯೋವರ್ಗೂ ಇರ್ಲಿ. ಇಳಿದ ದಿನ ತಾನಾಗೇ ಬಂದು ಕರೀತಾನೆ ನೋಡು. ಕೂತ್ಕೊ, ನಿಂತೇ ಇದ್ದೀಯಲ್ಲ. ಉಂಡ್ಕಂಡೋಗು."

ದೇವಿರಮ್ಮ ಪಕ್ಕದಲ್ಲಿ ಕೂತು, ಮಡಿಲಿಗೆ ಒಂದಿಷ್ಟು ಅವರೆಕಾಯಿ ಹಾಕಿಕೊಂಡು ಸುಲಿಯತೊಡಗಿದಳು.